ಎರವಲು ಗಂಟಲಿನ ಬೆಂಕಿ ಕೂಗು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಇನ್ನಾರೋ ಹೇಳಿ, ನಾನು ಮುಖ ಸಣ್ಣದು ಮಾಡಿಕೊಂಡು ನಿಲ್ಲುವುದು ಬೇಡ. ಕೊಳ್ಳೇಗಾಲದ ನಮ್ಮ ನೇಯ್ಗೆ ಶೆಡ್ಡಿನಲ್ಲಿ ಬೆಂಕಿ ಬಿದ್ದಿದೆಯೆಂದು ಕೂಗು ಎದ್ದಾಗ, ಸರ್ಕಾರದ ಇನ್‌ಸ್ಪೆಕ್ಟರು ಕೈಗಡಿಯಾರ ಹಿಡಿದು ನೋಡುತ್ತಿದ್ದಾಗ, ಒಬ್ಬನೇ ಒಬ್ಬ ನೇಕಾರನೂ ಮಗ್ಗ ಬಿಟ್ಟು ಏಳಲಿಲ್ಲವಲ್ಲ, ಅದಕ್ಕೆ ಕಾರಣ ನಾನು. ಕೂಗಿದವನೂ ನಾನೇ. ಕೂಗಿದ ಗಂಟಲು ಮಾತ್ರ ನನ್ನದಲ್ಲ, ಎರವಲು ತಂದದ್ದು. ನನ್ನ ಸ್ವಂತ ದನಿಯಲ್ಲಿ ಕೂಗಿದ್ದರೆ ಬಹುಶಃ ಯಾರಾದರೂ ಎದ್ದಿರುತ್ತಿದ್ದರು, ಇವನಿಗೇನಾಯಿತು ಎಂದು ನೋಡುವುದಕ್ಕಾದರೂ.

ನಾನು ಯಳಂದೂರು ತಾಲ್ಲೂಕಿನ ಅಗರದವನು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ದಂಡಯಾತ್ರೆಯಲ್ಲಿ ಗೆದ್ದು, ಕೊಳ್ಳೇಗಾಲದ ಒಂದು ನೇಕಾರರ ಸಂಘದಲ್ಲಿ ಹಂಗಾಮಿ ಗುಮಾಸ್ತನಾಗಿ ಸೇರಿಕೊಂಡಿದ್ದೆ. ಅರವತ್ತರ ದಶಕದ ನಡುವಿನ ಮಾತು. ದೇವರು ನನಗೆ ಕೊಟ್ಟದ್ದು ಒಂದೇ ವಿದ್ಯೆ, ಇನ್ನೊಬ್ಬರ ದನಿ ಕದಿಯುವುದು. ನಮ್ಮೂರಿನ ಸಾಹುಕಾರರು ಪಂಚಾಯ್ತಿಯಲ್ಲಿ ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಬಸ್ಸಿನ ಕಂಡಕ್ಟರು ‘ಒಳಗಡೆ ಓಗಿ ಒಳಗಡೆ ಓಗಿ’ ಎಂದು ಇಲ್ಲದ ಜಾಗಕ್ಕೆ ಜನರನ್ನು ಕಳಿಸುವುದು, ರಜ ಕೇಳುವಾಗ ನಾನೇ ಹಲ್ಲು ಗಿಂಜಿ ಅಳುವ ದನಿ ತೆಗೆಯುವುದು, ಎಲ್ಲವೂ ನನಗೆ ಬರುತ್ತಿತ್ತು. ನಮ್ಮಪ್ಪ ಒಂದು ಸಲ ಗದ್ದೆಯ ಬದುವಿನ ಮೇಲೆ ನಿಂತು ಕೇಳಿದ, “ಎಲ್ಲಾರ್ ದನೀನೂ ಮಾಡ್ತೀಯಲ್ಲ ಕಣ್ಲಾ, ನಿಂದು ಯಾವ್ದು ಅಂತ ನೆನಪದಾ?” ನಾನು ಅಪ್ಪನ ದನಿಯಲ್ಲೇ ‘ಅದೆ ಕಣ್ಲಾ’ ಎಂದೆ. ಅವನು ಗುದ್ದಲಿ ಎತ್ತಿಕೊಂಡದ್ದನ್ನು ನೋಡಿದ ಮೇಲೆ ನನ್ನ ಸ್ವಂತ ದನಿ ತಾನಾಗಿ ಹೊರಗೆ ಬಂತು.

ಸಂಘದ ಶೆಡ್ಡು ಒಂದು ಹಳೇ ಗೋದಾಮು. ನಮ್ಮ ಕೊಳ್ಳೇಗಾಲ ಕೊಯಮತ್ತೂರಿಗೆ ಸೇರಿದ್ದ ಕಾಲದಲ್ಲಿ ಕಟ್ಟಿದ್ದು. ಬಾಗಿಲ ಮೇಲೆ ತಮಿಳಿನಲ್ಲಿ ಏನೋ ಬರೆದಿತ್ತು. ತಾಲ್ಲೂಕು ಮೈಸೂರಿಗೆ ಬಂದ ಮೇಲೆ ಅದಕ್ಕೆ ಸುಣ್ಣ ಬಳಿದು ಕನ್ನಡದಲ್ಲಿ ಬರೆಸಿದರು. ಮಳೆ ಬಂದಾಗ ಸುಣ್ಣ ನೆನೆದು ತಮಿಳು ಮೇಲೆದ್ದು ಬರುತ್ತಿತ್ತು, ಬಿಸಿಲು ಬಂದರೆ ಕನ್ನಡ. ರಾಜ್ಯಗಳ ವಿಂಗಡಣೆ ನಮ್ಮ ಬಾಗಿಲ ಮೇಲೆ ವರ್ಷಾವರ್ಷ ನಡೆಯುತ್ತಲೇ ಇತ್ತು. ಒಳಗೆ ಸಾಲು ಸಾಲಾಗಿ ಕುಣಿಮಗ್ಗಗಳು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ನೇಕಾರ ಕೂತುಬಿಟ್ಟರೆ ಸೊಂಟದಿಂದ ಮೇಲಕ್ಕೆ ಮಾತ್ರ ಕಾಣುತ್ತಾನೆ. ಎಲ್ಲರ ಬೆನ್ನೂ ಬಾಗಿಲ ಕಡೆಗೆ, ಏಕೆಂದರೆ ಬೆಳಕು ಬೆನ್ನ ಹಿಂದಿನಿಂದ ಬಂದು ನೂಲಿನ ಮೇಲೆ ಬೀಳಬೇಕು. ಲಾಳಿ ಓಡುತ್ತಿರುವಾಗ ಹಿಂದೆ ಯಾರು ಬಂದರೂ ತಿರುಗಿ ನೋಡುವ ಪದ್ಧತಿ ಇಲ್ಲ. ಮಾತಿಗೆ ಮಾತು ಕೊಡುತ್ತಾರೆ, ಕತ್ತು ಕೊಡುವುದಿಲ್ಲ.

ಈ ಕಟ್ಟಡಕ್ಕೆ ಬೀದಿಯ ಕಡೆ ಒಂದು ದೊಡ್ಡ ಬಾಗಿಲು, ಹಿಂದೆ ಒಂದು ಕುಳ್ಳು ಬಾಗಿಲು. ಹಿಂದಿನ ಬಾಗಿಲ ಆಚೆ ನಮ್ಮ ಅತ್ತೆಯ ಎಮ್ಮೆ ಕಟ್ಟಿತ್ತು. ಅತ್ತೆ ಎಂದರೆ ಶೆಡ್ಡಿನಲ್ಲಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಹೆಂಗಸು. ನನಗೂ ಅತ್ತೆ, ಮ್ಯಾನೇಜರಿಗೂ ಅತ್ತೆ, ಇಡೀ ಬೀದಿಗೇ ಅತ್ತೆ. ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಬೈದು, ಎರಡೂ ಭಾಷೆಯವರಿಗೆ ನ್ಯಾಯ ಒದಗಿಸುತ್ತಿದ್ದಳು.

ಹೀಗಿರುವಾಗ ಮೈಸೂರಿನಿಂದ ಹೊಸ ಮ್ಯಾನೇಜರು ಬಂದರು. ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮಾತು. ಪ್ರತಿ ವಾಕ್ಯವನ್ನೂ ‘ವಾಸ್ತವವಾಗಿ ಹೇಳಬೇಕೆಂದರೆ’ ಎಂದು ಶುರುಮಾಡಿ, ಸಣ್ಣದಾಗಿ ಕೆಮ್ಮಿ, ಆಮೇಲೆ ಮೂಗಿನಿಂದ ಮುಂದುವರಿಸುವರು. ನನ್ನಂಥವನ ಮುಂದೆ ಅಂಥವರನ್ನು ತಂದು ಕೂರಿಸುವುದು ಬೆಕ್ಕಿನ ಮುಂದೆ ಹಾಲಿಟ್ಟು ಕುಡಿಯಬೇಡ ಎಂದಂತೆ. ಅವರು ಬಂದ ವಾರದಲ್ಲೇ, ‘ನೇಯ್ಗೆ ಗೀಯ್ಗೆ ಎಲ್ಲ ಆಮೇಲೆ, ಮೊದಲು ಸುರಕ್ಷತೆ’ ಎಂದು ಒಂದು ಪುಸ್ತಕ ನೋಡಿ ‘ಕಟ್ಟಡದ ಸಿಬ್ಬಂದಿ ಹಾಗೂ ಸಂದರ್ಶಕರಿಗೆ ತುರ್ತು ಸಮಯದ ಕ್ರಮಗಳು’ ಎಂಬುದನ್ನು ತಯಾರಿಸಿದರು. ನನ್ನ ಕೈಯಲ್ಲಿ ಬರೆಸಿ ಗೋಡೆಗೆ ಅಂಟಿಸಿದರು. ಅಪಾಯದ ಸೂಚನೆ ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲೇ ಬಿಡತಕ್ಕದ್ದು. ಗಾಬರಿಯಾಗದೆ, ಓಡದೆ, ಹತ್ತಿರದ ಬಾಗಿಲಿನಿಂದ ಹೊರಗೆ ಹೋಗತಕ್ಕದ್ದು. ಸಂದರ್ಶಕರು ಇದ್ದಲ್ಲಿ ಜವಾಬ್ದಾರಿಯುತ ನೌಕರನೊಬ್ಬನು ಅವರ ಕೈ ಹಿಡಿದು, ಧೈರ್ಯ ಹೇಳಿ, ಮೊದಲು ಹೊರಗೆ ಕರೆದೊಯ್ಯತಕ್ಕದ್ದು. ಆ ಜವಾಬ್ದಾರಿಯುತ ನೌಕರನಾಗಿ ನೇಮಕವಾದವನು ನಾನು. ಮ್ಯಾನೇಜರಿಗೆ ನನ್ನ ಪರಿಚಯ ಇನ್ನೂ ಹೊಸದು.

ಹಿಂದಿನ ಕುಳ್ಳು ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ತುರ್ತು ದಾರಿ’ ಎಂದು ಬರೆಸಿದರು. ಅತ್ತೆ ಅದನ್ನು ಓದಿಸಿ ಕೇಳಿ, “ನನ್ ಎಮ್ಮೆಗೆ ಬೋರ್ಡ್ ಹಾಕವ್ರೆ, ನನ್ಗೆ ಒಂದ್ ಮಣೆ ಕೊಡ್ಲಿಲ್ಲ” ಎಂದಳು.

ಎಲ್ಲ ಆಯಿತು, ಅಪಾಯದ ಸೂಚನೆ ಕೊಡುವುದು ಯಾವುದರಿಂದ? ಮ್ಯಾನೇಜರಿಗೆ ಕರೆಂಟಿನ ಸೈರನ್ ಬೇಕು. ಮೈಸೂರಿನಲ್ಲಿ ಎಲ್ಲೋ ಕೇಳಿದ್ದರಂತೆ, ಆವತ್ತಿನಿಂದ ಅದರ ಮೇಲೆ ಪ್ರೀತಿ. ಸಂಘದ ಹಿರಿಯರು ಸೈರನ್ ಬೇಡ, ಮಕ್ಕಳು ಹೆದರುತ್ತವೆ ಎಂದರು. ಆ ಜಗಳ ತೀರುವವರೆಗೂ ಇರಲಿ ಎಂದು, ಕೂಗುವ ಕೆಲಸವನ್ನು ನಮ್ಮ ವಾಚ್‌ಮನ್‌ಗೆ ಒಪ್ಪಿಸಿದರು.

ವಾಚ್‌ಮನ್ ಹನೂರಿನ ಆಚೆ ಲೊಕ್ಕನಹಳ್ಳಿಯವನು. ಕಾಡಿನಂಚಿನ ರಾಗಿ ಹೊಲದಲ್ಲಿ ಅಟ್ಟಣೆ ಮೇಲೆ ಕೂತು ಆನೆ ಓಡಿಸಿ ಬೆಳೆದ ಗಂಟಲು ಅವನದು. ಅವನು ಒಂದು ಸಲ ಕೂಗಿದರೆ ಬೀದಿಯ ಆ ಕೊನೆಯಲ್ಲಿ ಕಾಫಿ ಕುಡಿಯುತ್ತಿದ್ದವರ ಲೋಟ ಕುಲುಕುತ್ತಿತ್ತು. ತನ್ನ ಗಂಟಲಿನ ವಿಷಯದಲ್ಲಿ ಅವನಿಗೆ ವಿನಯವೇನೂ ಇರಲಿಲ್ಲ. “ನಾನ್ ಒಂದ್ ಕೂಗಾಕುದ್ರೆ ಸಲಗ ಬಾಲ ಮುದುರ್ಕಂಡು ಬೆಟ್ಟ ಅತ್ತದು ಸಾ. ಇವೇನ್, ಮಗ್ಗದೋರು” ಎಂದು ಮ್ಯಾನೇಜರ ಮುಂದೆಯೇ ಹೇಳಿದ್ದ. ಹೆಂಡತಿ ಮಕ್ಕಳು ಊರಲ್ಲಿ. ಅವನು ಶೆಡ್ಡಿನ ಜಗಲಿಯಲ್ಲೇ ಅಡುಗೆ, ಅಲ್ಲೇ ವಾಸ. ಅವನ ಹೆಂಡತಿ ಖಡಾಖಂಡಿತ ಹೇಳಿಬಿಟ್ಟಿದ್ದಳು, ಕೆಲಸ ಕಾಯಂ ಆಗುವವರೆಗೆ ನಾನು ಮಕ್ಕಳನ್ನು ಕಟ್ಟಿಕೊಂಡು ಹನೂರಿನ ಬಸ್ಸು ಹತ್ತುವುದಿಲ್ಲ ಎಂದು. ಅವಳದು ತಪ್ಪೇನಲ್ಲ. ಹಂಗಾಮಿ ನೌಕರನ ಹಿಂದೆ ಬರುವುದೂ, ನನ್ನ ಹಿಂದೆ ಬರುವುದೂ ಒಂದೇ.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬರುವ ಸುದ್ದಿ ಬಂತು. ಬಂದು ತುರ್ತು ಕ್ರಮದ ತಾಲೀಮು ನೋಡುತ್ತಾರಂತೆ. ಮನುಷ್ಯನ ಕೂಗು ಸಾಕು ಎಂದು ಅವರು ಒಪ್ಪಿದರೆ ವಾಚ್‌ಮನ್ ಕಾಯಂ. ಸಾಲದು ಎಂದರೆ ಗೋಡೆಗೆ ಸೈರನ್, ವಾಚ್‌ಮನ್‌ಗೆ ಹನೂರಿನ ಬಸ್ಸು. ಮ್ಯಾನೇಜರು ಇದನ್ನು ಅವನಿಗೆ ನೇರವಾಗಿಯೇ ಹೇಳಿದರು. ಅವರು ಕೆಟ್ಟವರಲ್ಲ, ಸೈರನ್ ಕಂಡರೆ ಆಸೆ ಅಷ್ಟೇ.

ಮೊದಲ ತಾಲೀಮು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ವಾಚ್‌ಮನ್ ಬಾಗಿಲಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು, “ಬಿತ್ತೋ… ಬೆಂಕಿ ಬಿತ್ತೋ…” ಎಂದು ಅಟ್ಟಣೆಯ ರಾಗದಲ್ಲಿ ಎಳೆದ. ಮಗ್ಗಗಳು ನಿಂತವು. ನಿಂತ ಮೇಲೆ ಏನೂ ಆಗಲಿಲ್ಲ. ನೇಕಾರರು ಅರ್ಧ ದಾರಿಯಲ್ಲಿದ್ದ ಲಾಳಿಯನ್ನು ಆಚೆ ಬದಿಗೆ ಮುಟ್ಟಿಸಿದರು. ಹಲಗೆ ಬಡಿದು ಎಳೆ ಕೂರಿಸಿದರು. ಎದುರಿನ ರೇಷ್ಮೆಗೆ ಬಟ್ಟೆ ಹೊದಿಸಿದರು, ಮಗುವಿಗೆ ಹೊದಿಸಿದ ಹಾಗೆ. ಆಮೇಲೆ ಒಬ್ಬೊಬ್ಬರಾಗಿ ಕುಣಿಯಿಂದ ಮೇಲೆ ಬಂದು, ಪಂಚೆ ಕೊಡವಿ, ನಡೆದರು. ಮ್ಯಾನೇಜರು ಗೋಡೆಯ ಕಾಗದ ತೋರಿಸಿದರು. “ವಾಸ್ತವವಾಗಿ ಹೇಳಬೇಕೆಂದರೆ, ಕೆಲಸವನ್ನು ಇದ್ದಲ್ಲೇ ಬಿಡತಕ್ಕದ್ದು.”

ಮುಂದಿನ ಸಾಲಿನ ಮಗ್ಗದ ನೇಕಾರ, ಶೆಡ್ಡಿಗೆಲ್ಲ ಹಿರಿಯ, ಹೇಳಿದ, “ಅರ್ಧಕ್ಕೆ ಬುಟ್ರೆ ಗೆರೆ ಬೀಳ್ತದೆ ಸಾ. ಆಮ್ಯಾಕೆ ಆ ಗೆರೆ ಮದ್ವೆ ಮನೇಲಿ ಎಲ್ಲಾರ್ಗೂ ಕಾಣ್ತದೆ.”

“ಬೆಂಕಿ ಬಿದ್ದಿದ್ದರೆ?”

“ಬೆಂಕಿ ಬಿದ್ರೆ ಸೀರೇನೇ ಇರಾಕಿಲ್ವಲ್ಲ, ಗೆರೆ ಎಲ್ಲಿ ಬಂತು? ಈಗ ಬೆಂಕಿ ಇಲ್ಲ. ಅದ್ಕೇ ಗೆರೆ ಚಿಂತೆ.”

ಮ್ಯಾನೇಜರು ಯೋಚಿಸಿ, ಕಾಗದದಲ್ಲಿ ಒಂದು ಸಾಲು ಸೇರಿಸಲು ನನಗೆ ಹೇಳಿದರು: ‘ಲಾಳಿಯನ್ನು ದಡ ಮುಟ್ಟಿಸಿ ಬಿಡತಕ್ಕದ್ದು.’ ಬೆಂಕಿಯೂ ಅಷ್ಟು ಹೊತ್ತು ಕಾಯತಕ್ಕದ್ದು ಎಂದು ಬರೆಯಬೇಕೆ ಸಾರ್ ಎಂದು ಕೇಳಿದೆ. ನಾನು ವಿನಯದಿಂದ ಕೇಳಿದೆನೆಂದು ಅವರು ತಿಳಿದು, ಬೇಡ ಎಂದರು.

ಇನ್ನು ನನ್ನ ಪ್ರತಾಪ. ಅಂಥಾ ಕೂಗು ಕೇಳಿದ ಮೇಲೆ ನನ್ನ ಗಂಟಲು ಸುಮ್ಮನಿರಲು ಸಾಧ್ಯವೇ? ಮಾರನೆಯ ದಿನವೇ ನೂಲಿನ ಕೋಣೆಯ ಹಿಂದೆ ನಿಂತು ಎಳೆದೆ, “ಬಿತ್ತೋ… ಬೆಂಕಿ ಬಿತ್ತೋ…” ಇಡೀ ಶೆಡ್ಡು ಎದ್ದು ಬಂತು. ವಾಚ್‌ಮನ್ ಜಗಲಿಯಲ್ಲಿ ಮುದ್ದೆ ನುಂಗುತ್ತ ಕೂತಿದ್ದನ್ನು ಕಂಡು ಎಲ್ಲರಿಗೂ ತಿಳಿಯಿತು. ಬೈದರು, ನಕ್ಕರು, ಇನ್ನೊಂದು ಸಲ ಮಾಡು ಎಂದರು. ಮಾಡಬೇಡ ಎಂದಿದ್ದರೆ ನಾನು ಇನ್ನೂ ಹೆಚ್ಚು ಮಾಡುತ್ತಿದ್ದೆ, ಅದು ಬೇರೆ ಮಾತು. ಮ್ಯಾನೇಜರು ಶೆಡ್ಡಿನಲ್ಲಿ ಇಲ್ಲದಾಗಲೆಲ್ಲ, ಟೀ ಹೊತ್ತಿನಲ್ಲಿ ವಾಚ್‌ಮನ್ ಆಗಿ ಒಂದು ಬೆಂಕಿ, ಊಟದ ಹೊತ್ತಿನಲ್ಲಿ ಮ್ಯಾನೇಜರಾಗಿ ಒಂದು ಬೆಂಕಿ. “ವಾಸ್ತವವಾಗಿ ಹೇಳಬೇಕೆಂದರೆ, ಬೆಂಕಿ ಬಿದ್ದಿದೆ. ದಯವಿಟ್ಟು ಸಾಲಾಗಿ ಬೆಂದುಹೋಗತಕ್ಕದ್ದು.” ನೇಕಾರರು ತಲೆ ಎತ್ತದೆಯೇ ಅಂಕ ಕೊಡುತ್ತಿದ್ದರು. ಇವತ್ತು ಕೆಮ್ಮು ಸಾಲದು, ಇವತ್ತು ಮೂಗು ಚೆನ್ನಾಗಿತ್ತು ಎಂದು. ವಾಚ್‌ಮನ್‌ಗೂ ಸಿಟ್ಟಿರಲಿಲ್ಲ. ತನ್ನನ್ನು ಅಣಕಿಸುವಷ್ಟು ದೊಡ್ಡ ಮನುಷ್ಯನಾದೆನಲ್ಲ ಎಂಬ ಹೆಮ್ಮೆ. ಎಮ್ಮೆಯ ಕೊರಳ ಗಂಟೆಯೊಂದು ಮಾತ್ರ ನನಗೆ ಹತ್ತಲಿಲ್ಲ. ನಾಲಗೆಯಿಂದ ಎಷ್ಟು ಪ್ರಯತ್ನಪಟ್ಟರೂ ಸೌಟು ಬಿದ್ದ ಸದ್ದಾಗುತ್ತಿತ್ತು. “ಪೋಡಾ, ಅದು ನಿನ್ ಕೈಲಾಗಾಕಿಲ್ಲ. ಅದ್ಕೆ ಮರ್ಯಾದೆ ಅದೆ” ಎಂದಳು ಅತ್ತೆ.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ವಾಚ್‌ಮನ್ ಗಂಟಲು ಹದಮಾಡಿಕೊಳ್ಳಲೆಂದು ಕೆರೆ ಏರಿಗೆ ಹೋಗಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಕೂಗಿದ. ಆನೆ ಓಡಿಸುವಾಗ ಕೂಗು ಎಲ್ಲಿ ನಿಲ್ಲಿಸಬೇಕೆಂದು ಆನೆ ಹೇಳುತ್ತದೆ, ಅದು ಹೋದಾಗ ನಿಲ್ಲಿಸಿದರಾಯಿತು. ಕೆರೆ ಎಲ್ಲಿಗೆ ಹೋಗುತ್ತದೆ? ಇವನು ನಿಲ್ಲಿಸಲೇ ಇಲ್ಲ. ಮಾರನೆಯ ಬೆಳಗ್ಗೆ ಎದ್ದಾಗ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು, ಒಡೆದ ಕೊಳಲಿನ ಹಾಗೆ. ಕತ್ತಿಗೆ ಟವೆಲು ಸುತ್ತಿಕೊಂಡು ಬಂದ. ಮ್ಯಾನೇಜರು ಬರುವ ಮುಂಚೆ ಅತ್ತೆ ಅವನನ್ನು ಶೆಡ್ಡಿನ ನಡುವೆ ಕೂರಿಸಿ, ಎಲ್ಲರ ಎದುರಿಗೆ, ಮೆಣಸಿನ ಕಷಾಯ ಕುಡಿಸಿದಳು. ಒಬ್ಬೊಬ್ಬ ನೇಕಾರನೂ ಬಂದು ಅವನ ಗಂಟಲು ನೋಡಿ ಅಯ್ಯೋ ಎಂದು ಹೋದ. ಈ ಸಂಗತಿಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಅವನು ನನ್ನನ್ನು ದೊಡ್ಡ ಬಾಗಿಲ ಪಕ್ಕದ ನೂಲಿನ ಕೋಣೆಗೆ ಎಳೆದುಕೊಂಡು ಹೋದ. ಉಸಿರಿನಲ್ಲೇ ಹೇಳಿದ, “ನನ್ ಗಂಟ್ಲು ನಿನ್ ತಾವ್ ಅದಲ್ಲಾ, ಒಂದ್ ಸಲಕೆ ಕೊಡು ಕಣ್ಲಾ.”

“ನೀನು ಬಾಗ್ಲಲ್ಲಿ ನಿಂತು ಏನ್ ಮಾಡ್ತೀಯೆ?”

“ಬಾಯ್ ತಗೀತೀನಿ. ನೀನು ಈ ಗೋಡೆ ಇಂದೆ ನಿಂತ್ಕಂಡು ಕೂಗು. ಅವ್ರ್ಗೇನ್ ಗೊತ್ತಾದದು, ಮೈಸೂರೋರ್ಗೆ.” ಆಮೇಲೆ ಟವೆಲನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಹೇಳಿದ, “ನಮ್ಮೋಳು ಪಾತ್ರೆ ಎಲ್ಲಾ ಮೂಟೆ ಕಟ್ಟವ್ಳಂತೆ ಕಣ್ಲಾ. ಬಿಚ್ಚು ಅಂತ ಯೆಂಗೆ ಯೇಳ್ಲಿ?”

ನನ್ನನ್ನು ನಗಿಸು ಎಂದು ಕೇಳಿದವರಿದ್ದರು, ನಿಲ್ಲಿಸು ಎಂದವರಿದ್ದರು. ನಿನ್ನಿಂದ ಉಪಕಾರವಾಗಲಿ ಎಂದು ಕೇಳಿದವನು ಅವನೇ ಮೊದಲು. ಎದೆ ಉಬ್ಬಿತು. ಉಬ್ಬಿದ ಎದೆಯಲ್ಲಿ ಬುದ್ಧಿಗೆ ಜಾಗ ಸಾಲಲಿಲ್ಲ.

ಇನ್‌ಸ್ಪೆಕ್ಟರು ಬಂದರು. ತೆಳ್ಳಗೆ, ಗಂಭೀರವಾಗಿ, ಯಾವುದೋ ಕಹಿ ಔಷಧಿ ಈಗಷ್ಟೇ ನುಂಗಿದವರಂತೆ ಇದ್ದರು. ಅವರಿಗೆ ತೋರಿಸಲೆಂದೇ ಮ್ಯಾನೇಜರು ಬೀದಿಯಲ್ಲಿ ಒಂದು ಹಾಸನ್ನು ಬಿಚ್ಚಿ ಹಾಕಿಸಿದ್ದರು. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಬೀದಿಯಲ್ಲಿ ಬಿದಿರು ಕವೆಗಳ ಮೇಲೆ ಎಳೆದು ಕಟ್ಟಿ, ಎಳೆ ಎಳೆ ನೋಡಿ ಸರಿಮಾಡುವುದು ಪದ್ಧತಿ. ಬೆಳಗ್ಗೆ ದನ ಹೊರಗೆ ಬಿಡುವ ಮುಂಚೆ ಮುಗಿಸಿ ಸುತ್ತಿಟ್ಟುಬಿಡುತ್ತಾರೆ. ಕೊಳ್ಳೇಗಾಲದ ನೇಕಾರನ ಮನೆಯಲ್ಲಿ ಹುಟ್ಟಿದ ಮಗು ಅಮ್ಮ ಎನ್ನುವ ಮೊದಲು ಕಲಿಯುವುದು ಇದನ್ನು, ಬೀದಿಯಲ್ಲಿ ಹಾಸು ಇದ್ದಾಗ ದನ ಬಂದರೆ ಕೈಯಲ್ಲಿದ್ದದ್ದು ಬಿಟ್ಟು ಓಡಬೇಕು. ಒಂದು ಕೊಂಬು ಸಿಕ್ಕಿಕೊಂಡರೆ ತಿಂಗಳ ಕೆಲಸ ಜೇಡರ ಬಲೆ. ಅಂದು ಮ್ಯಾನೇಜರು, ಸಾಹೇಬರು ನೋಡುವವರೆಗೂ ಹಾಸು ಇರಲಿ ಎಂದರು. ಅದನ್ನು ಕಾಯುತ್ತಿದ್ದವರನ್ನೂ, ತಾಲೀಮಿನಲ್ಲಿ ತಲೆ ಕಡಮೆಯಾಗಬಾರದೆಂದು, ಒಳಗೆ ಕರೆದು ಮಗ್ಗಕ್ಕೆ ಕೂರಿಸಿದರು. ಮದುವೆ ಕೆಂಪಿನ ಹಾಸು ಬಿಸಿಲಿನಲ್ಲಿ ಒಂಟಿಯಾಗಿ ಹೊಳೆಯುತ್ತಿತ್ತು.

ಮ್ಯಾನೇಜರು ಇನ್‌ಸ್ಪೆಕ್ಟರನ್ನು ಶೆಡ್ಡಿನ ಒಳಗೆ, ಬಾಗಿಲ ಪಕ್ಕದಲ್ಲಿ ನಿಲ್ಲಿಸಿ, ವಾಚ್‌ಮನ್‌ಗೆ ಕಣ್ಣುಸನ್ನೆ ಮಾಡಿದರು. ವಾಚ್‌ಮನ್ ಎರಡೂ ಕೈ ಬಾಯಿಗೆ ಹಿಡಿದು, ಕತ್ತಿನ ನರ ಉಬ್ಬಿಸಿ, ಬಾಯಿ ತೆಗೆದ. ಗೋಡೆಯ ಹಿಂದಿನಿಂದ ನಾನು ಎಳೆದೆ. ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಲೊಕ್ಕನಹಳ್ಳಿಯ ರಾಗಿ ಹೊಲ, ಅಟ್ಟಣೆ, ಸಲಗ ಎಲ್ಲ ಆ ಕೂಗಿನಲ್ಲಿತ್ತು. ಇನ್‌ಸ್ಪೆಕ್ಟರು ಹೆದರಿ ಒಂದು ಹೆಜ್ಜೆ ಹಿಂದೆ ಇಟ್ಟರಂತೆ.

ಮಗ್ಗಗಳು ನಿಲ್ಲಲಿಲ್ಲ. ಲಟಪಟ ಲಟಪಟ ನಡೆದೇ ಇದ್ದವು. ನಾನು ಇನ್ನೊಮ್ಮೆ ಕೂಗಿದೆ. ಒಳಗಿನಿಂದ ಯಾರೋ ಕಿಸಕ್ಕೆಂದರು. ಆಗ ನನಗೆ ಹೊಳೆಯಿತು. ವಾಚ್‌ಮನ್ ಗಂಟಲು ಹೋಗಿದೆಯೆಂದು ಬೆಳಗ್ಗೆ ಇಡೀ ಶೆಡ್ಡೇ ಇಣುಕಿ ನೋಡಿ ಖಾತ್ರಿ ಮಾಡಿಕೊಂಡಿತ್ತು. ಈಗ ಅವನ ಗಂಟಲು ಕೇಳುತ್ತಿದೆಯೆಂದರೆ ಅದು ನಾನೇ, ಬೇರೆ ಯಾರೂ ಆಗಲಾರರು. ನಾನು ಎಷ್ಟು ಚೆನ್ನಾಗಿ ಕೂಗಿದರೆ ಅಷ್ಟು ಗ್ಯಾರಂಟಿ. ಸಾಹೇಬರು ಬಂದದ್ದು ಬೆನ್ನು ಮಾಡಿ ಕೂತವರಿಗೆ ಕಂಡಿರಲೇ ಇಲ್ಲ, ಇನ್ನೂ ಬಂದಿಲ್ಲವೆಂದೇ ಅವರ ಎಣಿಕೆ.

ನಾನು ಸಂದರ್ಶಕರ ಕೈ ಹಿಡಿಯಬೇಕಾದವನು ಎಂಬುದು ನೆನಪಾಗಿ ಓಡಿ ಬಂದು ಇನ್‌ಸ್ಪೆಕ್ಟರ ಹಿಂದೆ ನಿಂತೆ. ಅಷ್ಟರಲ್ಲಿ ಮ್ಯಾನೇಜರಿಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ತಾವೇ ಕೂಗಿದರು, “ವಾಸ್ತವವಾಗಿ ಹೇಳಬೇಕೆಂದರೆ, ಬೆಂಕಿ ಬಿದ್ದಿದೆ. ದಯವಿಟ್ಟು ಎಲ್ಲರೂ ಹೊರಗೆ ನಡೆಯಿರಿ.”

ಮುಂದಿನ ಸಾಲಿನ ಹಿರಿಯ ತಲೆ ಎತ್ತದೆ ಹೇಳಿದ, “ಇವತ್ತು ವಸಿ ಪರ್ವಾಗಿಲ್ಲ ಕಣ್ಲಾ. ಆದ್ರೆ ಕೆಮ್ಮು ಮರ್ತೆ.”

ಮ್ಯಾನೇಜರು ದಿಗ್ಭ್ರಮೆಯಿಂದ ಕೆಮ್ಮಿದರು.

“ಆಂ, ಈಗ ಬಂತು.”

“ಇದೇನು ಹುಡುಗಾಟ? ನಾನು ಮ್ಯಾನೇಜರು ಹೇಳುತ್ತಿದ್ದೇನೆ.”

ಶೆಡ್ಡಿನ ಒಳಗಿಂದ ನಗೆ ಎದ್ದಿತು. ನೂಲು ಸುತ್ತುತ್ತಿದ್ದ ಅತ್ತೆ ರಾಟೆ ನಿಲ್ಲಿಸದೆ ಹೇಳಿದಳು, “ಮೂಗ್ನಾಗ್ ಮಾತಾಡದ್ ಕಮ್ಮಿ ಮಾಡ್ಲಾ, ಜಾಸ್ತಿ ಆಯ್ತು. ಪಾಪ, ಅವ್ರೂ ಅಷ್ಟ್ ಮಾಡಾಕಿಲ್ಲ.”

ಇನ್‌ಸ್ಪೆಕ್ಟರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಇವರೆಲ್ಲ ಯಾರ ಹತ್ತಿರ ಮಾತಾಡುತ್ತಿದ್ದಾರೆ?”

“ನನ್ನ ಹತ್ತಿರ ಸಾರ್” ಎಂದೆ. ಸುಳ್ಳು ಹೇಳಲು ಬೇಕಾದ ದನಿ ಆ ಹೊತ್ತಿಗೆ ಸಿಗಲಿಲ್ಲ.

ಮ್ಯಾನೇಜರ ಕಿವಿ ಬೀದಿಯಲ್ಲಿದ್ದ ಹಾಸಿನ ಬಣ್ಣಕ್ಕೆ ತಿರುಗಿತ್ತು. ಅವರು ಬಾಗಿಲ ಕಡೆ ನೋಡಿ, ಇನ್‌ಸ್ಪೆಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ಅದರಲ್ಲಿ ಒಂದೇ ಪದ, ಸೈರನ್. ವಾಚ್‌ಮನ್‌ಗೂ ಆ ಒಂದು ಪದ ತಿಳಿಯಿತು. ತೆಗೆದ ಬಾಯಿ ಮುಚ್ಚಿದ. ನನ್ನನ್ನು ಒಂದು ಸಲ ನೋಡಿದ. ಬೈಯಲು ಅವನಿಗೆ ದನಿ ಇರಲಿಲ್ಲ, ಅದು ನನ್ನ ಪುಣ್ಯ. ಆಮೇಲೆ ಶೆಡ್ಡಿನ ಪಕ್ಕದ ಓಣಿಯಲ್ಲಿ ಹಿತ್ತಲ ಕಡೆ ಹೋದ. ಮೂಟೆ ಬಿಚ್ಚು ಎಂದು ಹೆಂಡತಿಗೆ ಹೇಳಿಕಳಿಸಲು ಹೊರಟನೇನೋ ಎಂದುಕೊಂಡೆ.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಆಗ ಬೀದಿಯ ಕಡೆಯಿಂದ ಒಂದು ಸದ್ದು ಬಂತು. ಟಣ್. ಸ್ವಲ್ಪ ತಡೆದು, ಇನ್ನೊಂದು ಟಣ್. ಎಮ್ಮೆಯ ಕೊರಳ ಗಂಟೆ.

ಮಗ್ಗಗಳು ನಿಂತವು. ಒಂದೂ ಬಿಡದೆ, ಒಟ್ಟಿಗೆ. ಹಿತ್ತಲಲ್ಲಿ ಕೇಳಬೇಕಾದ ಗಂಟೆ ಬೀದಿಯಲ್ಲಿ ಕೇಳುತ್ತಿದೆ. ಬೀದಿಯಲ್ಲಿ ಹಾಸು ಇದೆ. ಕಾಯುವವರೆಲ್ಲ ಒಳಗಿದ್ದಾರೆ. ಇದು ನನ್ನ ಅಣಕವಂತೂ ಅಲ್ಲ, ಗಂಟೆ ನನಗೆ ಬರುವುದಿಲ್ಲವೆಂದು ಅವರಿಗೆಲ್ಲ ಗೊತ್ತು.

“ನನ್ ಎಮ್ಮೆ” ಎಂದಳು ಅತ್ತೆ.

“ಆಸು” ಎಂದ ಹಿರಿಯ.

ಅಷ್ಟೇ. ಲಾಳಿ ದಡ ಮುಟ್ಟಿತೋ, ನಡುನೀರಲ್ಲಿ ಬಿತ್ತೋ, ಯಾರೂ ನೋಡಲಿಲ್ಲ. ಮದುವೆ ಮನೆಯ ಗೆರೆಯ ಚಿಂತೆ ಯಾರಿಗೂ ಬರಲಿಲ್ಲ. ಕುಣಿಗಳಿಂದ ಕಪ್ಪೆಗಳ ಹಾಗೆ ನೆಗೆದರು. ಬಟ್ಟೆ ಹೊದಿಸಲಿಲ್ಲ, ಪಂಚೆ ಕೊಡವಲಿಲ್ಲ. ದೊಡ್ಡ ಬಾಗಿಲಲ್ಲಿ ಹಿಡಿಸದವರು ‘ತುರ್ತು ದಾರಿ’ಯ ಕಡೆ ಓಡಿ ಆ ಬಾಗಿಲನ್ನು ಜೀವಮಾನದಲ್ಲಿ ಮೊದಲ ಸಲ ತೆರೆದರು. ಆಚೆ ಎಮ್ಮೆ ಇಲ್ಲದ್ದರಿಂದ ದಾರಿ ಸಲೀಸಾಗಿತ್ತು. ಇನ್‌ಸ್ಪೆಕ್ಟರು ಪೆನ್ನು ಬಿಟ್ಟು ಗಡಿಯಾರ ನೋಡಿಕೊಳ್ಳುವಷ್ಟರಲ್ಲಿ ಕಟ್ಟಡ ಖಾಲಿ. ಉಳಿದವರು ಮೂವರು. ಮ್ಯಾನೇಜರು, ಸಂದರ್ಶಕರಾದ ಇನ್‌ಸ್ಪೆಕ್ಟರು, ಮತ್ತು ಸಂದರ್ಶಕರನ್ನು ಮೊದಲು ಹೊರಗೆ ಕರೆದೊಯ್ಯತಕ್ಕ ಜವಾಬ್ದಾರಿಯುತ ನೌಕರ. ನಿಜವಾದ ಬೆಂಕಿಯಾಗಿದ್ದರೆ ಕ್ರಮಗಳನ್ನು ಬರೆದವರೂ, ಬರೆಸಿದವರೂ, ಪರೀಕ್ಷೆ ಮಾಡಲು ಬಂದವರೂ ಒಟ್ಟಿಗೆ ಬೂದಿಯಾಗಿ, ಆಮೇಲೆ ಆ ವಿಷಯದಲ್ಲಿ ಯಾರಿಗೂ ತೊಂದರೆ ಇರುತ್ತಿರಲಿಲ್ಲ.

ತಡವಾದರೂ ಆಗಲಿ ಎಂದು ನಾನು ಇನ್‌ಸ್ಪೆಕ್ಟರ ಕೈ ಹಿಡಿದು, “ಗಾಬರಿಯಾಗಬೇಡಿ ಸಾರ್” ಎಂದೆ. ಅವರು ಕೈ ಬಿಡಿಸಿಕೊಂಡು ತಾವೇ ನಡೆದರು.

ಬೀದಿಯಲ್ಲಿ ನೇಕಾರರು ಹಾಸನ್ನು ಕವೆ ಸಮೇತ ಎತ್ತಿ ತಲೆಯ ಮೇಲೆ ಹಿಡಿದು ನಿಂತಿದ್ದರು. ಕೆಂಪು ಚಪ್ಪರದಂತೆ ಕಾಣುತ್ತಿತ್ತು. ಒಂದು ಎಳೆಯೂ ಹರಿದಿರಲಿಲ್ಲ, ಏಕೆಂದರೆ ಎಮ್ಮೆ ಅಲ್ಲಿಗೆ ತಲುಪಿಯೇ ಇರಲಿಲ್ಲ. ವಾಚ್‌ಮನ್ ಅದನ್ನು ದೂರದಲ್ಲೇ, ಮೂಗುದಾರ ಬಿಗಿಯಾಗಿ ಹಿಡಿದು ನಿಲ್ಲಿಸಿದ್ದ. ಇನ್ನೊಂದು ಕೈಯಲ್ಲಿ ಕೊರಳ ಗಂಟೆ ಅಲ್ಲಾಡಿಸುತ್ತಿದ್ದ. ಎಮ್ಮೆ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೆಲುಕು ಹಾಕುತ್ತಿತ್ತು.

“ಏಂಡಾ ಪಾವಿ, ನನ್ ಎಮ್ಮೆ ಬಿಚ್ಚಕ್ಕೆ ನಿನ್ಗ್ಯಾರ್ಲಾ ಯೇಳ್ದೋರು?” ಎಂದು ಅತ್ತೆ ಮೂಗುದಾರ ಕಿತ್ತುಕೊಂಡಳು. ಸಾಹೇಬರ ಬೂಟು ಕಣ್ಣಿಗೆ ಬಿದ್ದು, ಅವರ ಪಕ್ಕದಲ್ಲಿ ಮ್ಯಾನೇಜರೂ ನಾನೂ ಬೇರೆ ಬೇರೆಯಾಗಿ ನಿಂತಿರುವುದು ಕಂಡು, ಅವಳ ಮಾತು ಅಲ್ಲಿಗೇ ನಿಂತಿತು. ಹಿರಿಯನೂ ನೋಡಿದ. ಚಪ್ಪರದ ಕೆಳಗೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಯಾರ ಕೈಯೂ ಖಾಲಿ ಇರಲಿಲ್ಲ, ಇದ್ದಿದ್ದರೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಕೆಮ್ಮಿಗೂ ಮೂಗಿಗೂ ತಾವು ಅಂಕ ಕೊಟ್ಟದ್ದು ಯಾರಿಗೆ ಎಂದು ಈಗ ಅವರಿಗೆ ತಿಳಿದಿತ್ತು.

ಮ್ಯಾನೇಜರು ಸಾವರಿಸಿಕೊಂಡು ಹೇಳಿದರು, “ವಾಸ್ತವವಾಗಿ ಹೇಳಬೇಕೆಂದರೆ…” ಇಷ್ಟು ಹೇಳಿ, ಕೆಮ್ಮು ಬಂದದ್ದನ್ನು ಎಲ್ಲರ ಮುಂದೆ ನುಂಗಿಕೊಂಡರು. ಆಮೇಲೆ ಎಂದೂ ಅವರು ಆ ಜಾಗದಲ್ಲಿ ಕೆಮ್ಮಿದ್ದನ್ನು ನಾನು ಕೇಳಲಿಲ್ಲ. ನನ್ನ ಕಸುಬಿಗೆ ಅದು ದೊಡ್ಡ ನಷ್ಟ. “ಇದು ಕ್ರಮದಲ್ಲಿಲ್ಲ ಸಾರ್. ಕೂಗಿಗೆ ಒಬ್ಬರೂ ಏಳಲಿಲ್ಲ. ಸೈರನ್ ಒಂದೇ ದಾರಿ.”

ಇನ್‌ಸ್ಪೆಕ್ಟರು ಅವರ ಕಡೆ ನೋಡದೆ, ವಾಚ್‌ಮನ್ ಎದುರಿಗೆ ಹೋಗಿ ನಿಂತರು. ಅವನು ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಹನೂರಿನ ಬಸ್ಸು ಅವನ ಮುಖದ ಮೇಲೆ ಬಂದು ನಿಂತಂತೆ ಇತ್ತು.

“ಕಟ್ಟಡ ಖಾಲಿ ಮಾಡಿಸಿದೆ, ಅದು ಸರಿ” ಎಂದರು ಇನ್‌ಸ್ಪೆಕ್ಟರು. “ನಾಳೆ ನಿಜವಾಗಿ ಬೆಂಕಿ ಬಿದ್ದಾಗ ಎಮ್ಮೆಯನ್ನು ಎಲ್ಲಿಂದ ತರುತ್ತೀಯಪ್ಪ?”

ಅವನು ಕೊಟ್ಟ ಉತ್ತರ ಕೇಳಿ ಇನ್‌ಸ್ಪೆಕ್ಟರು ಮೊದಲ ಸಲ ಔಷಧಿ ಮರೆತು ನಕ್ಕರು. ಆಮೇಲೆ ಯಾರೂ ಸೈರನ್ ಮಾತೆತ್ತಲಿಲ್ಲ. ಕಾಯಂ ಆದೇಶ ಬಂದು, ಅವನ ಹೆಂಡತಿ ಪಾತ್ರೆ ಮೂಟೆಯ ಸಮೇತ ಹನೂರಿನ ಬಸ್ಸಿನಿಂದ ಇಳಿದಾಗ ಮೂಟೆ ಹೊತ್ತವನು ನಾನು. ಅವನ ದನಿ ವಾರದೊಳಗೆ ವಾಪಸು ಬಂತು, ನಾನು ಮಾತ್ರ ಅದನ್ನು ಮತ್ತೆ ಮುಟ್ಟಲಿಲ್ಲ. ಆ ಉತ್ತರವನ್ನಂತೂ ಎಷ್ಟು ಸಲ ಅಣಕಿಸಲು ನೋಡಿದರೂ ಆಗಲಿಲ್ಲ, ಏಕೆಂದರೆ ಅದರಲ್ಲಿ ಅಣಕಿಸಲು ದನಿಯೇ ಇರಲಿಲ್ಲ. ಬರೀ ಉಸಿರಿನಲ್ಲಿ ಹೇಳಿದ್ದ.

“ನಿಜ್ವಾದ್ ಬೆಂಕಿ ಬಿದ್ರೆ ಎಬ್ಬುಸಕ್ಕೆ ಹೊಗೆ ಬತ್ತದೆ ಸಾ. ಸುಳ್ ಬೆಂಕಿಗೇ ಎಮ್ಮೆ ಬೇಕಾದದು.”